ಗೋಲ್‌ಕೀಪರ್ ಮುಂದೆ ನುಗ್ಗಿದರೆ ಧೈರ್ಯವೋ, ಫೌಲೋ?

ಮೈಸೂರಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಎಂಟನೇ ಕ್ಲಾಸು, ಈ ವರ್ಷ ಸ್ಕೂಲ್ ಟೀಮಿಗೆ ಗೋಲ್‌ಕೀಪರ್. ಉದ್ದ ಇದ್ದಾನೆ ಅಂತ ನಿಲ್ಲಿಸಿದರು, ಅಷ್ಟೇ. ಅವನ ಕೋಚ್ ದಿನಾ ಹೇಳುವುದು ಒಂದೇ ಮಾತು: "ಭಯ ಬಿಡು, ನುಗ್ಗು." ಮೊನ್ನೆ ಇಬ್ಬರೂ ಕೂತು ಹಳೇ ಮ್ಯಾಚುಗಳ ವಿಡಿಯೊ ನೋಡುತ್ತಿದ್ದೆವು. ಎವರ್ಟನ್ ಕೀಪರ್ ಪಿಕ್‌ಫೋರ್ಡ್ ಲಿವರ್‌ಪೂಲ್‌ನ ವಾನ್ ಡೈಕ್ ಕಾಲಿನ ಮೇಲೆ ಹೋಗಿ ಬಿದ್ದದ್ದು ಬಂತು. "ಅಪ್ಪಾ, ಇದಕ್ಕೆ ಕಾರ್ಡೇ ಇಲ್ವಾ? ವಿಡಿಯೊ ನೋಡಿ ರೆಫ್ರಿಗೆ ಹೇಳುವ ವಿಎಆರ್ ಇತ್ತಲ್ಲ?" ಅಂತ ಕೇಳಿದ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಆ ಕಾರ್ಡ್ ಯಾಕೆ ಬರಲಿಲ್ಲ? ಒಳ್ಳೆ ಕೀಪರ್ ಅಂದರೆ ನಿಜಕ್ಕೂ ಹೀಗೆ ನುಗ್ಗಬೇಕಾ? ತಿಳಿದವರು ಹೇಳಿ.

ಹಳೇಗ್ಲೌಸ್

ಮೊದಲು ಕಾರ್ಡಿನ ವಿಷಯ. ನಾನು ಬೆಂಗಳೂರಿನ ಲೋಕಲ್ ಲೀಗುಗಳಲ್ಲಿ ಕೀಪರ್ ಆಗಿದ್ದವನು. ಈಗ ಆಸ್ಟಿನ್ ಟೌನ್ ಕಡೆ ಮಕ್ಕಳ ಮ್ಯಾಚಿಗೆ ವಿಸಲ್ ಹಿಡಿದು ನಿಲ್ಲುತ್ತೇನೆ. ಕೀಪರ್ ಆಗಿ ನೋಡಿದರೂ ರೆಫ್ರಿ ಆಗಿ ನೋಡಿದರೂ ಅದು ರೆಡ್ ಕಾರ್ಡೇ.

2020ರ ಅಕ್ಟೋಬರ್ 17, ಎವರ್ಟನ್‌ನ ಆಗಿನ ಮೈದಾನ ಗುಡಿಸನ್ ಪಾರ್ಕ್. ಕೋವಿಡ್ ಕಾಲ, ಗ್ಯಾಲರಿ ಖಾಲಿ. ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ವಾನ್ ಡೈಕ್ ಬಾಲಿಗೆ ಕಾಲು ಚಾಚಿದ, ಪಿಕ್‌ಫೋರ್ಡ್ ಎರಡೂ ಕಾಲು ಮುಂದೆ ಮಾಡಿಕೊಂಡು ಹಾರಿ ಬಂದ. ವಾನ್ ಡೈಕ್‌ನ ಬಲಗಾಲು ಕತ್ತರಿಗೆ ಸಿಕ್ಕ ಹಾಗೆ ಮಧ್ಯೆ ಸಿಕ್ಕಿಕೊಂಡಿತು. ಮಂಡಿಯ ಎಸಿಎಲ್, ಅಂದರೆ ಮಂಡಿಯನ್ನು ಹಿಡಿದಿಡುವ ಲಿಗಮೆಂಟ್, ಹರಿಯಿತು. ಆ ಸೀಸನ್ ಪೂರ್ತಿ ಹೋಯಿತು, 2021ರಲ್ಲಿ ನಡೆದ ಯುರೋಪ್ ದೇಶಗಳ ಯೂರೊ ಕಪ್ ಕೂಡ ಹೋಯಿತು.

ವಿಎಆರ್‌ನಲ್ಲಿ ಕೂತವರು ಆಫ್‌ಸೈಡ್ ಗೆರೆ ಎಳೆದರು. ವಾನ್ ಡೈಕ್ ಆಫ್‌ಸೈಡ್, ಅಂದರೆ ಪಾಸ್ ಬರುವಾಗಲೇ ಡಿಫೆಂಡರ್‌ಗಳನ್ನು ದಾಟಿ ನಿಂತಿದ್ದ, ಹಾಗಾಗಿ ಪೆನಾಲ್ಟಿ ಇಲ್ಲ. ಸರಿಯೇ. ಆದರೆ ಅಲ್ಲಿಗೇ ಕೈ ತೊಳೆದುಕೊಂಡರು. ಆಫ್‌ಸೈಡ್ ಆದ ಮೇಲೆ ಫೌಲ್ ಎಲ್ಲಿಂದ ಬಂತು ಅಂತ ಈಗಲೂ ವಾದ ಮಾಡುವವರಿದ್ದಾರೆ. ಆಫ್‌ಸೈಡ್‌ನಿಂದ ಹೋಗುವುದು ಪೆನಾಲ್ಟಿ. ಗೋಲಿನ ಅವಕಾಶ ತಪ್ಪಿಸಿದ ಅನ್ನುವ ಕಾರಣಕ್ಕೆ ಕೊಡುವ ಕಾರ್ಡೂ ಹೋಗುತ್ತದೆ, ಅವಕಾಶವೇ ಇರಲಿಲ್ಲವಲ್ಲ. ಎದುರಾಳಿಯ ಮೈಗೆ ಅಪಾಯ ತರುವ ಫೌಲಿನ ಕಾರ್ಡ್ ಮಾತ್ರ ಎಲ್ಲೂ ಹೋಗುವುದಿಲ್ಲ. ಆ ದಿನದ ರೆಫ್ರಿ ಮೈಕಲ್ ಆಲಿವರ್ ಆಮೇಲೆ ಸಂದರ್ಶನದಲ್ಲಿ ಇದನ್ನೇ ಒಪ್ಪಿಕೊಂಡರು. ಒಂದೊಂದೇ ಹೆಜ್ಜೆ ನೋಡುತ್ತಾ ಆಫ್‌ಸೈಡ್‌ನಲ್ಲೇ ಮುಳುಗಿಬಿಟ್ಟೆವು, ಪಿಕ್‌ಫೋರ್ಡ್‌ನನ್ನು ಹೊರಗೆ ಕಳಿಸಬೇಕಿತ್ತು ಅಂದರು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ಕೋಚ್ ಹೇಳಿದ್ದು ಅರ್ಧ ಮಾತು. ಭಯ ಬಿಡಲಿ, ಆದರೆ ಕಾಲು ಮುಂದೆ ಮಾಡಿ ಹೋಗುವುದು ಧೈರ್ಯ ಅಲ್ಲ, ಲೇಟಾದವನ ಆತುರ. ಬಾಲ್ ಸ್ಟ್ರೈಕರ್ ಕಾಲಿನಿಂದ ಸ್ವಲ್ಪ ದೂರ ಹೋಯಿತಲ್ಲ, ಆ ಕ್ಷಣ ಹೊರಡಬೇಕು. ಅವನು ತಲೆ ಎತ್ತಿ ಹೊಡೆಯಲು ರೆಡಿಯಾದರೆ ನೀವು ಎಲ್ಲಿದ್ದೀರೋ ಅಲ್ಲೇ ನಿಲ್ಲಬೇಕು. ಎರಡೂ ಪಾದ ನೆಲದ ಮೇಲೆ, ಕೈ ತೆರೆದು. ಓಡುತ್ತಾ ಇರುವ ಕೀಪರ್‌ಗೆ ಗೋಲು ಹೊಡೆಯುವುದು ಬಲು ಸುಲಭ. ಕಾಲ ಬಳಿ ಬೀಳಲೇಬೇಕಾದರೆ ಕೈ ಮೊದಲು ಹೋಗಬೇಕು, ಮೈ ಅಡ್ಡ ಬೀಳಬೇಕು, ಕಣ್ಣು ಬಾಲಿನ ಮೇಲೇ ಇರಬೇಕು.

ಮಗನಿಗೆ 2010ರ ವಿಶ್ವಕಪ್ ಫೈನಲ್ ತೋರಿಸಿ. ನೆದರ್ಲೆಂಡ್ಸ್‌ನ ರಾಬೆನ್ ಒಬ್ಬನೇ ಓಡಿ ಬರುತ್ತಾನೆ, ಮುಂದೆ ಸ್ಪೇನ್ ಕೀಪರ್ ಕಸಿಯಾಸ್ ಬಿಟ್ಟರೆ ಯಾರೂ ಇಲ್ಲ. ಕಸಿಯಾಸ್ ಮುಂದೆ ಬರುತ್ತಾನೆ, ಆದರೆ ಮೈಮೇಲೆ ಬೀಳುವುದಿಲ್ಲ. ರಾಬೆನ್ ಹೊಡೆಯುವ ತನಕ ಕಾಯುತ್ತಾನೆ. ಒಂದು ಕಡೆ ಬೀಳುತ್ತಲೇ ಹಿಂದೆ ಉಳಿದ ಬಲಗಾಲಿನ ತುದಿಗೆ ಬಾಲ್ ತಗುಲಿ ಆಚೆ ಹೋಗುತ್ತದೆ. ರಾಬೆನ್‌ಗೆ ಒಂದು ಗೀರೂ ಇಲ್ಲ. ಕೀಪರ್‌ಗಳ ನಡುವೆ ನಿಂತರೆ ಕಸಿಯಾಸ್ ಅಷ್ಟೇನೂ ಉದ್ದ ಅಲ್ಲ ಅನ್ನುವುದನ್ನೂ ನಿಮ್ಮ ಕೋಚ್‌ಗೆ ಹೇಳಿ.

ಕುಡ್ಲದ ನೀಲಿ

ಎವರ್ಟನ್ ಕಡೆಯವನಾಗಿ ಒಂದು ಮಾತು. ಪಿಕ್‌ಫೋರ್ಡ್ ಬೇಕಂತ ಮಾಡಿದ್ದಲ್ಲ. ಬಾಲಿಗೇ ಹೋದದ್ದು. ಸ್ಲೋ ಮೋಷನ್‌ನಲ್ಲಿ ನೋಡಿದರೆ ಯಾವ ಟ್ಯಾಕಲ್ ಆದರೂ ಕೊಲೆ ಥರ ಕಾಣುತ್ತದೆ ಮಾರಾಯ್ರೆ.

ಹಳೇಗ್ಲೌಸ್

ಸ್ಲೋ ಮೋಷನ್ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ವಿಎಆರ್ ನಿಯಮವೂ ಅದನ್ನೇ ಹೇಳುತ್ತದೆ. ಎಲ್ಲಿ ತಗುಲಿತು, ಬಾಲ್ ಗೆರೆ ದಾಟಿತಾ ಅಂತ ನೋಡಲು ಸ್ಲೋ ಮೋಷನ್. ಎಷ್ಟು ಜೋರಾಗಿ ತಗುಲಿತು ಅಂತ ಅಳೆಯಲು ಮಾಮೂಲಿ ವೇಗ. ನೀವು ಮಾಮೂಲಿ ವೇಗದಲ್ಲೇ ನೋಡಿ. ನನಗಂತೂ ಅದು ಆಗ ಇನ್ನೂ ಕೆಟ್ಟದಾಗಿ ಕಾಣುತ್ತದೆ, ಅವನು ಬಂದ ವೇಗ ಗೊತ್ತಾಗುತ್ತದೆ.

ಬೇಕಂತ ಮಾಡಿದನಾ ಅನ್ನುವುದನ್ನು ನಿಯಮ ಕೇಳುವುದೇ ಇಲ್ಲ. ಅಜಾಗರೂಕತೆ ಆದರೆ ಬರೀ ಫ್ರೀ ಕಿಕ್. ಎದುರಿನವನಿಗೆ ಏನಾದರೂ ಆಗಲಿ ಅಂತ ನುಗ್ಗಿದರೆ ಹಳದಿ. ಅತಿಯಾದ ಬಲ ಹಾಕಿ ಅವನ ಮೈಗೆ ಅಪಾಯ ತಂದರೆ ಕೆಂಪು. ಇಷ್ಟೇ.

ಕೀಪರ್‌ಗಳಿಗೆ ಈ ರಿಯಾಯಿತಿ ಹೊಸದೇನಲ್ಲ. 1982ರ ವಿಶ್ವಕಪ್‌ನಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿ ನಡೆದ ಸೆಮಿಫೈನಲ್ ನೋಡಿ. ಪಶ್ಚಿಮ ಜರ್ಮನಿಯ ಕೀಪರ್ ಶೂಮಾಕರ್ ಹಾರಿ ಬಂದು ಫ್ರಾನ್ಸಿನ ಬ್ಯಾಟಿಸ್ಟನ್ ಮುಖಕ್ಕೆ ಸೊಂಟದಿಂದ ಗುದ್ದಿದ. ಹಲ್ಲು ಹೋಯಿತು, ಪ್ರಜ್ಞೆ ತಪ್ಪಿತು. ಸತ್ತೇ ಹೋದ ಅಂದುಕೊಂಡೆ ಅಂತ ಫ್ರಾನ್ಸ್ ಕ್ಯಾಪ್ಟನ್ ಪ್ಲಾಟಿನಿ ಆಮೇಲೆ ಹೇಳಿದ್ದ. ರೆಫ್ರಿ ಕೊಟ್ಟದ್ದು ಗೋಲ್ ಕಿಕ್! ಕಾರ್ಡು ಬಿಡಿ, ಫೌಲ್ ಕೂಡ ಇಲ್ಲ. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಎರಡು ಹೊಡೆತ ತಡೆದು ಜರ್ಮನಿಯನ್ನು ಫೈನಲ್‌ಗೆ ಒಯ್ದವನೂ ಅದೇ ಶೂಮಾಕರ್.

ಬವೇರಿಯಾ ಕನ್ನಡಿಗ

ಹಾಗಾದರೆ ನಮ್ಮ ಬಯರ್ನ್ ಮ್ಯೂನಿಕ್ ಟೀಮಿನ ಮುಸಿಯಾಲ ಕಥೆ ಏನು? 2025ರ ಕ್ಲಬ್ ವಿಶ್ವಕಪ್, ಅಟ್ಲಾಂಟಾ. ಪಿಎಸ್‌ಜಿಯ ಕೀಪರ್ ಡೊನ್ನರುಮ್ಮಾ ಬಂದು ಮೈಮೇಲೆ ಬಿದ್ದು ನಮ್ಮ ಹುಡುಗನ ಕಾಲೇ ಮುರಿಯಿತು. ಅದಕ್ಕೂ ಫೌಲ್ ಇಲ್ಲ. ಡೊನ್ನರುಮ್ಮಾ ಹಾಗೆ ನುಗ್ಗಬೇಕಿರಲಿಲ್ಲ ಅಂತ ನಮ್ಮ ಕೀಪರ್ ನೊಯರ್ ಮ್ಯಾಚ್ ಮುಗಿದ ಮೇಲೆ ನೇರವಾಗಿಯೇ ಹೇಳಿದ.

ಹಳೇಗ್ಲೌಸ್

ಇದು ಕಷ್ಟದ ಕೇಸು ಸ್ವಾಮಿ. ಡೊನ್ನರುಮ್ಮಾ ಕೈ ಮುಂದೆ ಮಾಡಿ ಬಾಲಿಗೇ ಹೋದ. ಅಷ್ಟು ದೊಡ್ಡ ಮೈ ಜಾರಿಕೊಂಡು ಹೋಗಿ ಮುಸಿಯಾಲ ಕಾಲಿನ ಮೇಲೆ ಬಿತ್ತು. ಪಾದ ಅಡಿಯಲ್ಲಿ ಸಿಕ್ಕಿಬಿತ್ತು. ಕೂತ ಕಡೆಯೇ ತಲೆ ಹಿಡಿದುಕೊಂಡ ಡೊನ್ನರುಮ್ಮಾನನ್ನು ನೀವೂ ನೋಡಿರುತ್ತೀರಿ. ಪೆಟ್ಟು ಎಷ್ಟು ದೊಡ್ಡದು ಅನ್ನುವುದರ ಮೇಲೆ ಕಾರ್ಡ್ ಕೊಡಲು ಆಗುವುದಿಲ್ಲ. ಹೇಗೆ ಹೋದ ಅನ್ನುವುದರ ಮೇಲೆ ಕೊಡಬೇಕು. ನಾನಾಗಿದ್ದರೂ ಕಾರ್ಡ್ ತೆಗೆಯುತ್ತಿರಲಿಲ್ಲ.

ಇನ್ನು ನೊಯರ್! 2014ರ ವಿಶ್ವಕಪ್ ಫೈನಲ್‌ನಲ್ಲಿ ಬಾಲ್ ಪಂಚ್ ಮಾಡುತ್ತಾ ಮಂಡಿ ಎತ್ತಿಕೊಂಡು ಅರ್ಜೆಂಟೀನಾದ ಹಿಗ್ವಾಯಿನ್‌ಗೆ ಡಿಕ್ಕಿ ಹೊಡೆದವನು ಅವನೇ. ಫೌಲ್ ಬಿದ್ದದ್ದು ಹಿಗ್ವಾಯಿನ್ ಮೇಲೆ. ಅವನ ಆಟ ನನಗೂ ತುಂಬಾ ಇಷ್ಟ, ಆದರೆ ಈ ವಿಷಯದಲ್ಲಿ ಉಪದೇಶ ಮಾಡಲು ಬೇರೆ ಯಾರಾದರೂ ಸಿಗಬೇಕಿತ್ತು.

ಮೈಸೂರಪ್ಪ

ತುಂಬಾ ಥ್ಯಾಂಕ್ಸ್ ಸರ್. ಕಸಿಯಾಸ್ ವಿಡಿಯೊ ತೋರಿಸಿದೆ, ಮಗ ಮತ್ತೆ ಮತ್ತೆ ಹಾಕಿ ನೋಡಿದ. ಇದನ್ನೆಲ್ಲ ಓದಿದ ನನ್ನ ಹೆಂಡತಿಗೆ ಈಗ ಬೇರೆ ಚಿಂತೆ. ಮಗನಿಗೆ ಹೆಡ್‌ಗಾರ್ಡ್ ತಂದುಕೊಡಿ ಅನ್ನುತ್ತಿದ್ದಾಳೆ. ಬೇಕಾ?

ಹಳೇಗ್ಲೌಸ್

ಚೆಲ್ಸಿ ಕೀಪರ್ ಆಗಿದ್ದ ಪೆಟರ್ ಚೆಕ್ ಹಾಕುತ್ತಿದ್ದನಲ್ಲ, ಅದು ಬೇರೆ ಕಾರಣಕ್ಕೆ. 2006ರ ಅಕ್ಟೋಬರ್‌ನಲ್ಲಿ ರೆಡಿಂಗ್ ಟೀಮಿನ ಮೇಲೆ ಆಡುವಾಗ ಅವರ ಸ್ಟೀಫನ್ ಹಂಟ್‌ನ ಮಂಡಿ ತಗುಲಿ ಅವನ ತಲೆಬುರುಡೆ ಒಡೆದಿತ್ತು. ಬಾಲ್ ಹಿಡಿಯಲು ನೆಲಕ್ಕೆ ಬಿದ್ದವನಿಗೆ ಆದ ಪೆಟ್ಟು ಅದು, ಕೀಪರ್‌ಗಳಿಗೂ ಅಪಾಯ ಕಡಿಮೆ ಏನಿಲ್ಲ. ವಾಪಸ್ ಬಂದ ಮೇಲೆ ಆಟ ಬಿಡುವ ತನಕ ಹೆಡ್‌ಗಾರ್ಡ್ ಹಾಕಿಕೊಂಡೇ ಆಡಿದ.

ನಿಮ್ಮ ಮಗನಿಗೆ ಹಾಕಬೇಕು ಅನ್ನಿಸಿದರೆ ಹಾಕಿ, ಮೆತ್ತನೆಯದಾದರೆ ನಿಯಮ ಬಿಡುತ್ತದೆ. ಅದಕ್ಕಿಂತ ಮೊದಲು ಕೂಗಲು ಕಲಿಸಿ. ಕ್ರಾಸ್, ಅಂದರೆ ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆದ ಬಾಲ್, ಬಂದಾಗ "ಕೀಪರ್!" ಅಂತ ಗಂಟಲು ಹರಿಯುವ ಹಾಗೆ ಕೂಗಿದರೆ ಸ್ವಂತ ಡಿಫೆಂಡರ್ ದಾರಿ ಬಿಡುತ್ತಾನೆ. ಮಕ್ಕಳ ಮ್ಯಾಚಿನಲ್ಲಿ ನಾನು ನೋಡುವ ಡಿಕ್ಕಿಗಳಲ್ಲಿ ಜಾಸ್ತಿ ಒಂದೇ ಟೀಮಿನ ಇಬ್ಬರ ನಡುವೆ. ತಲೆಗೆ ಪೆಟ್ಟು ಬಿತ್ತು ಅನ್ನಿಸಿದರೆ, "ನಾನು ಸರಿಯಾಗಿದ್ದೀನಿ" ಅಂತ ಮಗ ಎಷ್ಟೇ ಹಠ ಮಾಡಲಿ, ಆ ದಿನ ಮತ್ತೆ ಆಡಿಸಬೇಡಿ. ಡಾಕ್ಟರ್‌ಗೆ ತೋರಿಸಿ. ಕೋಚ್ ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.