ಯುಗಾದಿ ಒಬ್ಬಟ್ಟೂ ಬೇಕು, ತೂಕವೂ ಏರಬಾರದು: ಏನು ಮಾಡಲಿ?

ಕೋಲಾರದ ಸೊಸೆ:
ಎಲ್ಲರಿಗೂ ನಮಸ್ಕಾರ. ಯುಗಾದಿಗೆ ಮುಳಬಾಗಿಲು ಹತ್ತಿರ ಅತ್ತೆ ಮನೆಗೆ ಹೋಗುತ್ತೇವೆ. ಹಬ್ಬದ ದಿನ ಬೇಳೆ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ. ಮಾರನೇ ದಿನ ಹೊಸತೊಡಕು, ಅಂದ್ರೆ ಮಟನ್ ಸಾರು, ಮುದ್ದೆ, ಕೈಮ ಉಂಡೆ. ಹೊರಡುವಾಗ ಡಬ್ಬಿ ತುಂಬಾ ಒಬ್ಬಟ್ಟು ಕಟ್ಟಿ ಕೊಡುತ್ತಾರೆ.

ನನ್ನದು ಇಡೀ ದಿನ ಕೂತು ಮಾಡುವ ಕೆಲಸ. ಸಕ್ಕರೆ ಬಾರ್ಡರ್‌ನಲ್ಲಿದೆ, ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಸಂಕ್ರಾಂತಿಯಿಂದ ಈಚೆಗೆ ಕಷ್ಟಪಟ್ಟು ಸ್ವಲ್ಪ ಇಳಿಸಿದ್ದೇನೆ. ಅದು ಹಬ್ಬದಲ್ಲಿ ವಾಪಸ್ ಬರಬಾರದು. ಹಾಗಂತ ಒಬ್ಬಟ್ಟು ಬೇಡ ಅನ್ನೋಕೆ ಮನಸ್ಸು ಬರಲ್ಲ. ಅತ್ತೆ ನಸುಕಿನಲ್ಲೇ ಎದ್ದು ಬೇಳೆ ಬೇಯಿಸಿ, ಈಗಲೂ ಒರಳಲ್ಲೇ ಹೂರಣ ರುಬ್ಬುತ್ತಾರೆ. ನನಗೆ ಆ ಒಬ್ಬಟ್ಟೂ ಇಷ್ಟ, ಅತ್ತೆಯೂ ಇಷ್ಟ. ಅವರಿಗೆ ಬೇಜಾರಾಗದ ಹಾಗೆ ಹೇಗೆ ನಿಭಾಯಿಸೋದು? ಸುಮ್ನೆ ‘ಸಿಹಿ ಬಿಡಿ’ ಅನ್ನಬೇಡಿ ದಯವಿಟ್ಟು.

ಶಿಡ್ಲಘಟ್ಟದವನು:
ಬೆಳಿಗ್ಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಎಲೆ ಮುಂದೆ ಕೂರಬೇಡಿ ಅಕ್ಕ. ಎಣ್ಣೆ ಸ್ನಾನ, ಪೂಜೆ, ಬೇವು ಬೆಲ್ಲ ಅಂತ ಊಟ ಆಗುವಷ್ಟರಲ್ಲಿ ಎರಡು ಗಂಟೆ. ಆ ಹಸಿವಿನಲ್ಲಿ ಎಷ್ಟು ತಿಂದೆವು ಅಂತ ಗೊತ್ತೇ ಆಗಲ್ಲ. ಪೂಜೆಗೆ ಮುಂಚೆ ಏನೂ ತಿನ್ನದ ಮನೆಯಾದರೆ ಪೂಜೆ ಮುಗಿದ ತಕ್ಷಣ ಒಂದು ಬಟ್ಟಲು ಕೋಸಂಬರಿ ತಿನ್ನಿ. ನಮ್ಮ ಮನೆಯಲ್ಲಿ ಅದೇ ರೂಢಿ.

ಗುಬ್ಬಿ ಟೀಚರ್:
ನೀವು ಸಿಹಿ ಬಿಡಲೇಬೇಕಾಗಿಲ್ಲಮ್ಮ. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ಒಬ್ಬಟ್ಟು ನನ್ನದೇ ಕೈಯಲ್ಲಿ ಆಗಿದೆ. ಒಬ್ಬಟ್ಟಿನ ಲೆಕ್ಕ ಏನು ಅಂತ ತಟ್ಟುವವರಿಗೆ ಗೊತ್ತಿರುತ್ತದೆ, ಅದನ್ನು ಹೇಳುತ್ತೇನೆ.

ಅಂಗೈ ಅಗಲದ ಒಂದು ಬೇಳೆ ಒಬ್ಬಟ್ಟಿಗೆ ಸುಮಾರು 250ರಿಂದ 350 ಕ್ಯಾಲೊರಿ. ಬೇಳೆ ಅದರಲ್ಲಿ ಒಳ್ಳೆಯ ಪಾಲು, ಪ್ರೋಟೀನ್ ಇದೆ. ಬೆಲ್ಲ ಬೇಳೆಯ ಸಮಕ್ಕೆ ಹಾಕುತ್ತೇವೆ. ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಎಣ್ಣೆ. ಕಣಕವನ್ನು ಎಣ್ಣೆಯಲ್ಲಿ ಮುಳುಗಿಸಿ ನೆನೆಸುತ್ತೇವೆ, ಬಾಳೆ ಎಲೆಗೆ ಎಣ್ಣೆ ಸವರಿ ತಟ್ಟುತ್ತೇವೆ, ಕಾವಲಿ ಮೇಲೆ ಮತ್ತೆ ಬಿಡುತ್ತೇವೆ, ಎಲೆಗೆ ಬಂದ ಮೇಲೆ ತುಪ್ಪ. ಒಂದು ಟೀ ಚಮಚ ತುಪ್ಪ ಅಂದ್ರೆ 45 ಕ್ಯಾಲೊರಿ. ಬಡಿಸುವವರು ಮಿಳ್ಳೆಯಿಂದ ಸುರಿದರೆ ಮೂರು ಚಮಚ ಸಲೀಸಾಗಿ ಬೀಳುತ್ತದೆ.

ಆದ್ದರಿಂದ ನೀವು ಒಬ್ಬಟ್ಟು ತಟ್ಟುವ ಜಾಗದಲ್ಲಿ ಕೂತುಬಿಡಿ. ಅತ್ತೆ ಹೂರಣ ರುಬ್ಬಲಿ, ಉಂಡೆ ಕಟ್ಟೋದು, ತಟ್ಟೋದು ನೀವು ಮಾಡಿ. ಅವರಿಗೂ ಸೊಂಟಕ್ಕೆ ಆರಾಮ. ಹೂರಣದ ಉಂಡೆಯನ್ನು ನಿಂಬೆಹಣ್ಣಿನಷ್ಟೇ ಮಾಡಿ, ಕಣಕ ಅದಕ್ಕಿಂತ ಚಿಕ್ಕದು. ಕಣಕದ ಉಂಡೆಯನ್ನು ಎತ್ತಿ ಬಟ್ಟಲಿನ ಅಂಚಿಗೆ ಒತ್ತಿದರೆ ಜಾಸ್ತಿ ಎಣ್ಣೆ ಅಲ್ಲೇ ಇಳಿಯುತ್ತದೆ. ಹೂರಣ ನುಣ್ಣಗಿದ್ದರೆ ಎಷ್ಟು ತೆಳ್ಳಗೆ ತಟ್ಟಿದರೂ ಹರಿಯಲ್ಲ. ಒರಳಲ್ಲಿ ರುಬ್ಬಿದ್ದು ಅಂತೀರಿ, ಇನ್ನೇನು ಬೇಕು! ತೆಳ್ಳಗಿನ ಒಬ್ಬಟ್ಟು ಕಾವಲಿಯಲ್ಲಿ ಉಬ್ಬಿ, ಅಲ್ಲಲ್ಲಿ ಕೆಂಪಗೆ ಚುಕ್ಕೆ ಬಿದ್ದಾಗ ಬರುವ ಘಮವೇ ಬೇರೆ. ಬಿಸಿಬಿಸಿಯಾಗಿ ಎರಡು ತಿನ್ನಿ. ತುಪ್ಪ ನೀವೇ ಚಮಚದಲ್ಲಿ ಹಾಕಿಕೊಳ್ಳಿ.

ಆ ದಿನ ಅನ್ನ ಕಮ್ಮಿ ಮಾಡಿ. ಒಬ್ಬಟ್ಟು, ಚಿತ್ರಾನ್ನ, ಸಾರಿಗೆ ಅನ್ನ, ಮೊಸರಿಗೆ ಅನ್ನ ಅಂತ ನಾಲ್ಕು ಸಲ ಅದೇ ಪಿಷ್ಟವನ್ನು ತಿನ್ನುತ್ತೇವೆ. ಒಬ್ಬಟ್ಟಿನ ಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯಿರಿ. ಬೇಳೆ ಕಟ್ಟಿನ ಆ ರುಚಿ ಅನ್ನ ಇಲ್ಲದೆಯೂ ಚೆನ್ನಾಗಿರುತ್ತದೆ. ಬಡಿಸುವವರು ಬಲವಂತ ಮಾಡಿದರೆ ‘ಸಾಕು’ ಅನ್ನಬೇಡಿ, ಅದನ್ನು ಯಾರೂ ಕೇಳಲ್ಲ. ‘ಅತ್ತೆ, ಇನ್ನೊಂದು ಸ್ವಲ್ಪ ಕೋಸಂಬರಿ ಹಾಕಿ’ ಅಂತ ನೀವೇ ಕೇಳಿ. ಕೇಳಿ ಹಾಕಿಸಿಕೊಂಡರೆ ಬಡಿಸಿದವರಿಗೆ ಸಂತೋಷ. ರಾತ್ರಿ ಮಜ್ಜಿಗೆ ಸಾಕು. ಹಸಿವಾದರೆ ಮಾತ್ರ ಇನ್ನೇನಾದರೂ.

ಗೌರಿಬಿದನೂರು ಸಿಸ್ಟರ್:
ಟೀಚರ್ ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ.

ಹಬ್ಬದ ಮಾರನೇ ಬೆಳಿಗ್ಗೆ ತಕ್ಕಡಿ ಹತ್ತಬೇಡಿ. ಒಂದೂವರೆ ಕೆಜಿ ಜಾಸ್ತಿ ತೋರಿಸಬಹುದು. ಅದು ಕೊಬ್ಬು ಅಂತ ಎಷ್ಟೋ ಜನ ಹೆದರಿ, ಹೋಯಿತಲ್ಲ ಅಂತ ಎಲ್ಲ ಬಿಟ್ಟುಬಿಡುತ್ತಾರೆ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ದಿನದ ಖರ್ಚು ಕಳೆದು ಸುಮಾರು 7,700 ಕ್ಯಾಲೊರಿ ಮಿಗಬೇಕು. ಒಂದು ಊಟದಲ್ಲಿ ಅಷ್ಟು ಆಗಲ್ಲ. ತಕ್ಕಡಿಯಲ್ಲಿ ಕಾಣುವುದು ಹೆಚ್ಚಾಗಿ ನೀರು, ಮತ್ತೆ ಹೊಟ್ಟೆಯಲ್ಲಿ ಇನ್ನೂ ಇರುವ ಊಟ. ಉಪ್ಪು ನೀರು ಹಿಡಿಯುತ್ತದೆ. ಅನ್ನ, ಸಿಹಿಯಿಂದ ಬಂದದ್ದನ್ನು ಮೈ ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಅದರ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಜೊತೆಗಿರುತ್ತದೆ. ಮಾಮೂಲಿ ಊಟಕ್ಕೆ ಬಂದ ಕೆಲವು ದಿನದಲ್ಲಿ ಅದು ಇಳಿಯುತ್ತದೆ. ಆಮೇಲೆ ತೂಕ ನೋಡಿ.

ಇನ್ನೊಂದು, ಬೆಲ್ಲದ್ದು ಅಂತ ಧೈರ್ಯ ಬೇಡ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಬೆಲ್ಲವೂ ಸಕ್ಕರೆಯೂ ಹೆಚ್ಚುಕಮ್ಮಿ ಒಂದೇ. ಊಟ ಆದ ಮೇಲೆ ಮಲಗದೆ ಕಾಲು ಗಂಟೆ ನಿಧಾನಕ್ಕೆ ನಡೆಯಿರಿ. ಅಷ್ಟು ಹೊತ್ತಿನ ನಡಿಗೆಗೂ ಸಕ್ಕರೆ ಏರೋದು ತಗ್ಗುತ್ತದೆ. ಮನೆಯಲ್ಲಿ ಯಾರಾದರೂ ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಸಿಹಿ ತಿನ್ನೋಣ ಅಂತ ಊಟ ಬಿಡೋದು, ಡೋಸ್ ಬದಲಾಯಿಸೋದು ಮಾಡಬಾರದು. ಮೊದಲೇ ಡಾಕ್ಟರ್ ಹತ್ತಿರ ಮಾತಾಡಲಿ.

ಕೋಲಾರದ ಸೊಸೆ:
ತುಂಬಾ ಥ್ಯಾಂಕ್ಸ್ ಟೀಚರ್, ಸಿಸ್ಟರ್. ತಟ್ಟುವ ಕೆಲಸ ನಾನೇ ತೆಗೆದುಕೊಳ್ಳುತ್ತೇನೆ, ಕಲಿಯಬೇಕು ಅಂತ ಮೊದಲಿಂದಲೂ ಆಸೆ ಇತ್ತು. ಹೊಸತೊಡಕಿಗೆ ಏನು ಮಾಡಲಿ? ಮುದ್ದೆ ಎಷ್ಟು ಉಂಡರೂ ತೂಕ ಬರಲ್ಲ ಅಂತ ನಮ್ಮ ಮನೆಯವರ ವಾದ. ಮತ್ತೆ ಆ ಡಬ್ಬಿ?

ಶಿಡ್ಲಘಟ್ಟದವನು:
ಮುದ್ದೆ ಒಳ್ಳೆಯದೇ ಅಕ್ಕ, ಆದರೆ ತೂಕಕ್ಕೆ ತೂಕ ಹಾಕಿದರೆ ರಾಗಿ ಹಿಟ್ಟಿನ ಕ್ಯಾಲೊರಿ ಅಕ್ಕಿಗಿಂತ ಅಂಥ ಕಮ್ಮಿ ಏನಿಲ್ಲ. 100 ಗ್ರಾಂ ಹಿಟ್ಟಿಗೆ 320 ಆಸುಪಾಸು. ನಾರು ಜಾಸ್ತಿ ಇರೋದರಿಂದ ಹೊಟ್ಟೆ ತುಂಬಿದ ಹಾಗಿರುತ್ತದೆ. ಹೊಲದಲ್ಲಿ ದುಡಿದವರ ಮುದ್ದೆ ದಪ್ಪ ಇರಲಿ. ಆಫೀಸಿನಲ್ಲಿ ಕೂರುವವರು ಅರ್ಧ ತೆಗೆದುಕೊಂಡು ಮಟನ್ ತುಂಡು ಚೆನ್ನಾಗಿ ತಿನ್ನಲಿ. ಸಾರಿನ ಮೇಲೆ ತೇಲುವ ಜಿಡ್ಡನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ ಅಡಿಯಿಂದ ಹಾಕಿಸಿಕೊಳ್ಳಿ.

ಗುಬ್ಬಿ ಟೀಚರ್:
ನಿಮ್ಮ ತೂಕಕ್ಕೆ ಆ ಡಬ್ಬಿಯೇ ದೊಡ್ಡ ಅಪಾಯ. ಹಬ್ಬದ ಎರಡು ಒಬ್ಬಟ್ಟು ದಕ್ಕುತ್ತದೆ. ಆಮೇಲೆ ವಾರವಿಡೀ ಕಾಫಿ ಜೊತೆ ಒಂದು, ರಾತ್ರಿ ಒಂದು ಅಂತ ತಿನ್ನೋದಿದೆಯಲ್ಲ, ಅದು ಮೈಗೆ ಅಂಟುತ್ತದೆ. ಅಷ್ಟು ಹೊತ್ತಿಗೆ ಅದರ ರುಚಿಯೂ ಹೋಗಿರುತ್ತದೆ. ಡಬ್ಬಿ ಬೇಡ ಅನ್ನಬೇಡಿ. ‘ಒಬ್ಬಟ್ಟಿನ ಬದಲು ಸ್ವಲ್ಪ ಹೂರಣ ಕೊಡಿ ಅತ್ತೆ, ನಾನೇ ತಟ್ಟುತ್ತೇನೆ’ ಅನ್ನಿ. ಹೂರಣವನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ ಫ್ರೀಜರ್‌ನಲ್ಲಿಡಿ. ಭಾನುವಾರಕ್ಕೊಂದು ಸಲ ಒಬ್ಬೊಬ್ಬರಿಗೆ ಒಂದೊಂದು ಬಿಸಿಯಾಗಿ ಮಾಡಿ. ಅವರು ಒಬ್ಬಟ್ಟೇ ಕಟ್ಟಿಕೊಟ್ಟರೆ ಕೋಲಾರಕ್ಕೆ ಬಂದ ದಿನವೇ ಅಕ್ಕಪಕ್ಕದ ಮನೆಗೆ ಹಂಚಿಬಿಡಿ.

ಕೋಲಾರದ ಸೊಸೆ:
ಹೂರಣದ್ದು ತಲೆಗೇ ಬಂದಿರಲಿಲ್ಲ ಟೀಚರ್. ಕಣಕಕ್ಕೆ ಮೈದಾ ಬದಲು ಗೋಧಿ ಹಿಟ್ಟು ಆಗುತ್ತಾ?

ಗುಬ್ಬಿ ಟೀಚರ್:
ಆಗುತ್ತದೆ. ಸ್ವಲ್ಪ ಚಿರೋಟಿ ರವೆ ಸೇರಿಸಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಎರಡು ಗಂಟೆ ನೆನೆಸಿ. ಚೆನ್ನಾಗಿ ನಾದಿದರೆ ಹರಿಯಲ್ಲ. ಮೈದಾದಷ್ಟು ತೆಳ್ಳಗೆ ಬರಲ್ಲ, ಎಣ್ಣೆ ಕಮ್ಮಿ ಹಿಡಿಯುತ್ತದೆ. ಮೊದಲ ಸಲ ನಾಲ್ಕಕ್ಕೆ ಮಾತ್ರ ಕಲಸಿ ನೋಡಿ.