ಹೊಟ್ಟೆಗೆ ಬಿದ್ದ ಒಳಪೆಟ್ಟಿಗೆ ಕನ್ನಡದಲ್ಲಿ ಎಂತ ಹೇಳುದು? (ನಾಳೆಗೆ ಬೇಕು)

ಅನುವಾದಕಿ, ಮಣಿಪಾಲ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟುಂಟು. ಹೊಟ್ಟೆಗೆ ಪೆಟ್ಟಾಗಿ ಎಮರ್ಜೆನ್ಸಿಗೆ ಬರುವವರ ಮೇಲೆ ಮಾಡುವ ಒಂದು ಸಂಶೋಧನೆಯ ಒಪ್ಪಿಗೆ ಪತ್ರ ಕನ್ನಡಕ್ಕೆ ಮಾಡ್ತಾ ಇದ್ದೇನೆ, ನಾಳೆ ಸಂಜೆ ಎಥಿಕ್ಸ್ ಕಮಿಟಿಗೆ ಹೋಗ್ಬೇಕು. ಇಂಗ್ಲಿಷಲ್ಲಿ ಬ್ಲಂಟ್ ಅಬ್ಡಾಮಿನಲ್ ಟ್ರಾಮಾ, ಮೊದಲು ಯಾರೋ ಮಾಡಿಟ್ಟ ಅನುವಾದದಲ್ಲಿ ತಲೆಬರಹವೇ "ಮೊಂಡು ಉದರ ಆಘಾತ". ಮೊಂಡು ಯಾವುದು, ಉದರವಾ ಆಘಾತವಾ? ಹೇಳ್ಲಿಕ್ಕೆ ಹೊರಟದ್ದು ಚೂರಿಗೀರಿ ಹೊಕ್ಕದ್ದಲ್ಲ, ಬೈಕಿನ ಹ್ಯಾಂಡಲ್ ಗುದ್ದಿದ್ದು, ಅಡಿಕೆ ಮರದಿಂದ ಬಿದ್ದದ್ದು, ಚರ್ಮ ಹರಿಯದೆ ಒಳಗೆ ಹಾಳಾಗುದುಂಟಲ್ಲ, ಅದು. ಆಪರೇಶನ್ ಮಾಡದೆ ನೋಡಿಕೊಳ್ಳುದಕ್ಕೆ "ಶಸ್ತ್ರಚಿಕಿತ್ಸಾರಹಿತ ನಿರ್ವಹಣೆ". ಫಾಸ್ಟ್ ಅಂತ ಒಂದು ಸ್ಕ್ಯಾನಿಂಗ್ ಉಂಟು, ಅದನ್ನು "ಉಪವಾಸ ಪರೀಕ್ಷೆ" ಮಾಡಿಟ್ಟಿದ್ದಾರೆ, ನಗ್ಬೇಕಾ ಅಳ್ಬೇಕಾ ಗೊತ್ತಾಗ್ಲಿಲ್ಲ. ಎಡ ಪಕ್ಕೆಲುಬಿನ ಕೆಳಗೆ ಸ್ಪ್ಲೀನ್ ಅಂತ ಅಂಗ ಉಂಟಲ್ಲ, ಅದಕ್ಕೆ ಒಂದು ಪುಟದಲ್ಲಿ ಗುಲ್ಮ, ಇನ್ನೊಂದರಲ್ಲಿ ಪ್ಲೀಹ. ಇದನ್ನು ಓದುವವರು ರಾತ್ರಿ ಹನ್ನೆರಡಕ್ಕೆ ಕ್ಯಾಶುವಾಲಿಟಿ ಹೊರಗೆ ನಿಂತ ಅಣ್ಣನೋ ಹೆಂಡತಿಯೋ. ಅವರಿಗೆ ಅರ್ಥ ಆಗುವಂಥ ಪದ ಇದ್ರೆ ಕೊಡಿ.

ನಿವೃತ್ತ ಅಧ್ಯಾಪಕ, ಕೊಡಿಯಾಲಬೈಲು:

ಉದರಾಘಾತ. ಸವರ್ಣದೀರ್ಘ ಸಂಧಿ, ಇದರಲ್ಲಿ ಚರ್ಚೆಗೆ ಎಂತದೂ ಇಲ್ಲ. "ಮೊಂಡು" ತೆಗೆದುಹಾಕಿ. ಗುಲ್ಮ ತಪ್ಪು. ಸಂಸ್ಕೃತದಲ್ಲಿ ಗುಲ್ಮ ಅಂದ್ರೆ ಪೊದೆ, ಸೈನ್ಯದ ತುಕಡಿ, ಆಯುರ್ವೇದದಲ್ಲಿ ಹೊಟ್ಟೆಯಲ್ಲಿ ಗಂಟಿನ ಹಾಗೆ ಏಳುವ ರೋಗ. ಅಂಗದ ಹೆಸರು ಪ್ಲೀಹ. ಶಾಲೆಯ ವಿಜ್ಞಾನ ಪುಸ್ತಕ ಬರೆದವರು ರೋಗದ ಹೆಸರನ್ನು ಅಂಗಕ್ಕೆ ಅಂಟಿಸಿ ಕೂತರು, ಈಗ ಎಲ್ಲರೂ ಅದನ್ನೇ ಗಿಳಿಪಾಠ ಒಪ್ಪಿಸ್ತಾರೆ.

ಸರ್ಜನ್, ಮಂಗಳೂರು:

ಮೇಷ್ಟ್ರೇ, ಉದರಾಘಾತ ಆಗುದಿಲ್ಲ. ರಕ್ತ ಹೋಗಿ ಬಿಪಿ ಬಿದ್ದು ಪೇಶಂಟ್ ತಣ್ಣಗಾಗ್ತಾನಲ್ಲ, ಆ ಶಾಕಿಗೂ ಕನ್ನಡದಲ್ಲಿ ಆಘಾತ ಅಂತಲೇ ಬರೀತಾರೆ. ಈ ಪತ್ರದಲ್ಲಿ ಎರಡೂ ಬಂದೇ ಬರ್ತದೆ, "ಆಘಾತದಿಂದ ಆಘಾತವಾದರೆ" ಅಂತ ಬರೆಯುದಾ?

ಫಾಸ್ಟಿಗೆ ಅನುವಾದವೇ ಬೇಡ, ಅದು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿದ್ದು, ಉಪವಾಸವೂ ಅಲ್ಲ ಬೇಗವೂ ಅಲ್ಲ. ನಾಲ್ಕು ಜಾಗಕ್ಕೆ ಪ್ರೋಬ್ ಇಟ್ಟು ರಕ್ತ ನಿಂತಿದೆಯಾ ನೋಡುದು: ಹೃದಯದ ಸುತ್ತ, ಬಲಕ್ಕೆ ಲಿವರ್-ಕಿಡ್ನಿ ನಡುವೆ, ಎಡಕ್ಕೆ ಸ್ಪ್ಲೀನ್ ಹತ್ರ, ಕೆಳಗೆ ಮೂತ್ರಕೋಶದ ಹಿಂದೆ. ರಕ್ತ ಕಂಡು ಬಿಪಿಯೂ ಬೀಳ್ತಾ ಇದ್ರೆ ನೇರ ಆಪರೇಶನ್ ಥಿಯೇಟರಿಗೆ, ಬಿಪಿ ಸ್ಥಿರವಾಗಿದ್ರೆ ಸಿಟಿ ಸ್ಕ್ಯಾನ್. ಕಾಣದಿದ್ರೆ ಏನೂ ಆಗಿಲ್ಲ ಅಂತಲ್ಲ, ಕರುಳು ತೂತಾದದ್ದು ಇದ್ರಲ್ಲಿ ತಪ್ಪಿಹೋಗ್ಬಹುದು, ಅದನ್ನು ಪತ್ರದಲ್ಲಿ ಬಿಡಬೇಡಿ.

"ನಿರ್ವಹಣೆ" ಓದಿದ್ರೆ ಮನೆಯವರಿಗೆ "ಇವ್ರು ಎಂತದೂ ಮಾಡುದಿಲ್ಲ ಹಾಗಾದ್ರೆ" ಅಂತ ಕಾಣ್ತದೆ. ನಿಜ ಏನಂದ್ರೆ ಲಿವರ್ ಸ್ಪ್ಲೀನ್ ಹರಿದ ಎಷ್ಟೋ ಜನರನ್ನು ಈಗ ಹೊಟ್ಟೆ ಕೊಯ್ಯದೆಯೇ ಉಳಿಸ್ತೇವೆ, ಮತ್ತೆ ಮತ್ತೆ ಹೊಟ್ಟೆ ಮುಟ್ಟಿ ನೋಡಿ, ಹಿಮೋಗ್ಲೋಬಿನ್ ನೋಡಿ, ಬೇಕಾದ್ರೆ ರಕ್ತನಾಳದೊಳಗಿಂದ ಹೋಗಿ ಸೋರುವ ಜಾಗ ಮುಚ್ಚಿ. ಮಲಗಿಸಿ ಬಿಡುದಲ್ಲ ಅದು.

ಗುಲ್ಮ-ಪ್ಲೀಹ ಜಗಳದಲ್ಲಿ ನನ್ನ ಓಟು "ಸ್ಪ್ಲೀನ್"ಗೆ. ಅದನ್ನು ತೆಗೆದ ಮೇಲೆ ಕೆಲವು ಸೋಂಕು ಜೀವ ತೆಗೀಬಹುದು, ನ್ಯುಮೋಕಾಕಸ್ ಲಸಿಕೆ ಹಾಕಿಸಿಕೊಳ್ಬೇಕು, ಮುಂದೆ ಯಾವ ಡಾಕ್ಟ್ರ ಹತ್ರ ಹೋದ್ರೂ ಹೇಳ್ಬೇಕು. ಮೂರು ವರ್ಷ ಬಿಟ್ಟು ಜ್ವರ ಅಂತ ಬಂದವನು "ನನ್ನ ಪ್ಲೀಹ ತೆಗ್ದಿದ್ದಾರೆ" ಅಂದ್ರೆ ಡ್ಯೂಟಿ ಡಾಕ್ಟರ್ ಯಾವ ನಿಘಂಟು ನೋಡುದು?

ಕುಂದಾಪುರದಿಂದ:

ಉದರ, ಆಘಾತ, ಪ್ಲೀಹ, ಇಷ್ಟು ಸಂಸ್ಕೃತ ನುಂಗಿದ್ರೆ ಹೊಟ್ಟೆ ನೋವು ಬರ್ದೇ ಇರ್ತದಾ. "ಹೊಟ್ಟೆಯ ಒಳಪೆಟ್ಟು" ಅಂತ ಬರೀರಿ ಮಾರಾಯ್ರೆ, ಒಂದಕ್ಷರ ಸಂಸ್ಕೃತ ಇಲ್ಲ. ಪೆಟ್ಟು ಅಂದ್ರೆ ನಮ್ಮಲ್ಲಿ ಮಕ್ಕಳಿಗೂ ಗೊತ್ತುಂಟು, ತುಳುವರಿಗೂ ಗೊತ್ತುಂಟು. ಹೊಕ್ಕ ಗಾಯಕ್ಕೆ ಇರಿತದ ಗಾಯ. ಚರ್ಮ ಹರಿದ್ರೆ ಗಾಯ, ಹರೀದಿದ್ರೆ ಪೆಟ್ಟು, ಅಚ್ಚಕನ್ನಡ ಇದನ್ನು ಯಾವತ್ತೋ ವಿಂಗಡಿಸಿಟ್ಟಿದೆ.

ನಿವೃತ್ತ ಅಧ್ಯಾಪಕ:

"ಗಾಯ" ಅಚ್ಚಕನ್ನಡವೋ? ಘಾತದ ತದ್ಭವ ಅದು ಸ್ವಾಮಿ. ಮರಾಠಿಯ ಘಾಯ್, ಹಿಂದಿಯ ಘಾವ್ ಎಲ್ಲ ಅದೇ ಹೊಟ್ಟೆಯಿಂದ ಹುಟ್ಟಿದ್ದು. ಆಘಾತ ಬೇಡ ಅಂತ ಮುಂಬಾಗಿಲಲ್ಲಿ ಓಡಿಸಿ ಹಿಂಬಾಗಿಲಲ್ಲಿ ಅದರ ತಮ್ಮನನ್ನು ಒಳಗೆ ಕರೆದಿದ್ದೀರಿ. "ಆಸ್ಪತ್ರೆ"ಯನ್ನು ಎಂತ ಮಾಡ್ತೀರಿ? ಕಿಟೆಲ್ 1894ರಲ್ಲಿ ಇದೇ ಮಂಗಳೂರಲ್ಲಿ ನಿಘಂಟು ಅಚ್ಚು ಹಾಕಿಸುವಾಗ ಸಂಸ್ಕೃತದ್ದು ಅಂತ ಯಾವ ಪದವನ್ನೂ ಹೊರಗೆ ನಿಲ್ಲಿಸಲಿಲ್ಲ.

ಕುಂದಾಪುರದಿಂದ:

ತದ್ಭವ ಆದ್ಮೇಲೆ ಅದು ನಮ್ದೇ. ಜನೇಲು, ಚಾವಿ, ಬಟಾಟೆ ಎಲ್ಲ ಪೋರ್ಚುಗೀಸರದ್ದು, ಯಾರಾದ್ರೂ ವಾಪಸ್ ಕಳಿಸ್ತಾರಾ? ನಾಲಿಗೆಗೆ ಒಗ್ಗಿದ್ದು ಇರ್ಲಿ, ಒಗ್ಗದ್ದು ಹೋಗ್ಲಿ ಅಂತಷ್ಟೇ ನಾನು ಹೇಳಿದ್ದು. ಮೇಜು ಕೂಡ ಅವ್ರದ್ದೇ.

ನಿವೃತ್ತ ಅಧ್ಯಾಪಕ:

ಮೇಜು ಪಾರ್ಸಿಯಿಂದ ಬಂದದ್ದು, ಮೇಜ಼್. ಗೊತ್ತಿಲ್ಲದ್ದು ಮಾತಾಡಬೇಡಿ.

ಸರ್ಜನ್, ಮಂಗಳೂರು:

ಅಲ್ಲಿ ಅಕ್ಕ ನಾಳೆಗೆ ಪದ ಕೇಳ್ತಿದ್ದಾರೆ, ಇಲ್ಲಿ ಮೇಜು ಕುಟ್ಟುದು ನಡೀತಾ ಉಂಟು. ಕುಂದಾಪುರದವರ ಒಳಪೆಟ್ಟು ಚಂದ ಉಂಟು, ನನ್ನದು ಅದಕ್ಕೇ.

ಅನುವಾದಕಿ, ಮಣಿಪಾಲ:

ಹೊಟ್ಟೆಯ ಒಳಪೆಟ್ಟು ಅಂತಲೇ ಹಾಕಿದೆ. ಶಾಕಿಗೆ "ರಕ್ತ ಹೋಗಿ ಬಿಪಿ ತುಂಬ ಇಳಿಯುವುದು", ನಿರ್ವಹಣೆ ಜಾಗಕ್ಕೆ "ಆಪರೇಶನ್ ಮಾಡದೆ, ಹತ್ತಿರದಿಂದ ಗಮನಿಸುತ್ತಾ ಕೊಡುವ ಚಿಕಿತ್ಸೆ". ಉದ್ದ ಆಯ್ತು, ಆಗ್ಲಿ. ಸ್ಪ್ಲೀನ್ ಅಂತ ಬರೆದು ಮೊದಲ ಸಲ ಬಂದಲ್ಲಿ "ಎಡಗಡೆ ಪಕ್ಕೆಲುಬಿನ ಕೆಳಗಿರುವ ಅಂಗ" ಅಂತ ಸೇರಿಸ್ತೇನೆ. ಮೇಷ್ಟ್ರು ಕೋಪ ಮಾಡ್ಬಾರ್ದು.

ಇನ್ನೊಂದು ಉಳಿದಿದೆ. ಪೇಶಂಟುಗಳನ್ನು ಎರಡು ಗುಂಪು ಮಾಡುದು ಡಾಕ್ಟರ್ ಅಲ್ಲ, ಕಂಪ್ಯೂಟರ್, ಯಾರಿಗೆ ಯಾವ ಚಿಕಿತ್ಸೆ ಅಂತ ಮೊದಲೇ ಯಾರಿಗೂ ಗೊತ್ತಿರುದಿಲ್ಲ. ಹಳೆ ಅನುವಾದದಲ್ಲಿ "ಯಾದೃಚ್ಛಿಕ ಹಂಚಿಕೆ". ಜೋರಾಗಿ ಓದ್ಲಿಕ್ಕೆ ಹೋದೆ, ನಾಲಿಗೆಯೇ ಹೊರಳ್ಲಿಲ್ಲ. "ಚೀಟಿ ಎತ್ತಿದ ಹಾಗೆ" ಅಂತ ಬರೆದ್ರೆ ಆಗ್ತದಾ?

ಸರ್ಜನ್, ಮಂಗಳೂರು:

ಆಗ್ತದೆ, ಆದ್ರೆ ಜೊತೆಗೆ ಯಾಕೆ ಹಾಗೆ ಮಾಡುದು ಅಂತ ಒಂದು ಸಾಲು ಬೇಕು, ಇಲ್ಲದಿದ್ರೆ "ನನ್ನ ಗಂಡನ ಜೀವಕ್ಕೆ ಲಾಟ್ರಿ ಹಾಕ್ತೀರಾ" ಅಂತ ಕೇಳಿಯೇ ಕೇಳ್ತಾರೆ, ಕೇಳುದು ನ್ಯಾಯವೂ ಹೌದು. 2010ರಲ್ಲಿ ಬಂದ ಕ್ರ್ಯಾಶ್-2 ಅಂತ ಒಂದು ಸಂಶೋಧನೆ ಹೀಗೇ ಮಾಡಿದ್ದು. 40 ದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳಲ್ಲಿ ಯಾರಿಗೆ ರಕ್ತಸ್ರಾವ ಕಮ್ಮಿ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್, ಯಾರಿಗೆ ಬರೀ ಸಲೈನ್ ಅಂತ ಕೊಡುವವರಿಗೂ ಗೊತ್ತಿರ್ಲಿಲ್ಲ. ಆ ಇಂಜೆಕ್ಷನ್ನಿಂದ ಸಾವು ಕಮ್ಮಿ ಆಗ್ತದೆ, ಆದ್ರೆ ಪೆಟ್ಟಾಗಿ ಮೂರು ಗಂಟೆಯೊಳಗೆ ಕೊಟ್ರೆ ಮಾತ್ರ ಅಂತ ತಿಳಿದದ್ದು ಅದ್ರಿಂದ. ಡಾಕ್ಟರೇ ಆರಿಸಿದ್ರೆ ತೀರಾ ಸೀರಿಯಸ್ ಇದ್ದವರೆಲ್ಲ ಒಂದೇ ಕಡೆ ಸೇರ್ತಾರೆ, ಮತ್ತೆ ಯಾವ ಔಷಧಿ ಕೆಲಸ ಮಾಡಿತು ಅಂತ ಹೇಗೆ ಹೇಳುದು. ಸಂಶೋಧನೆಗೆ ಸೇರುದು ಬೇಡ ಅಂದ್ರೂ ಮಾಮೂಲಿ ಚಿಕಿತ್ಸೆ ಸಿಕ್ಕಿಯೇ ಸಿಗ್ತದೆ ಅಂತ ಅದರ ಕೆಳಗೇ ಬರೀರಿ, ಕೊನೆಯ ಪುಟದಲ್ಲಿ ಅಡಗಿಸ್ಬೇಡಿ. ಓದ್ಲಿಕ್ಕೆ ಬಾರದವರಾದ್ರೆ ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿಗೂ ಜಾಗ ಇಡಿ, ಸಾಕ್ಷಿ ನಮ್ಮ ಟೀಮಿನವರಾಗಿರ್ಬಾರ್ದು.

ನಿವೃತ್ತ ಅಧ್ಯಾಪಕ:

ಯಾದೃಚ್ಛಿಕ ಸರಿಯಾಗೇ ಇದೆ. ಬಳಸಿದ್ರೆ ತಾನೇ ರೂಢಿ ಆಗುದು.

ಕುಂದಾಪುರದಿಂದ:

ಕ್ಯಾಶುವಾಲಿಟಿ ಬಾಗಿಲಲ್ಲಿ ನಿಂತು ರೂಢಿ ಮಾಡಿಸ್ಲಿಕ್ಕೆ ಮೇಷ್ಟ್ರೇ ಬರ್ಲಿ. ಚೀಟಿ ಎತ್ತುದು ಇರ್ಲಿ ಅಕ್ಕ.