ಮಗಳ ಇಇಜಿಯಲ್ಲಿ ಎಲ್ಲ ಗೆರೆಗಳೂ ಒಂದೇ ತಾಳಕ್ಕೆ ಬಂದವು. ಅದೇ ಹೇಗೆ ಕಾಯಿಲೆ?

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 8 ವರ್ಷ. ಎರಡು ತಿಂಗಳಿಂದ ಊಟದ ನಡುವೆ, ಓದುವ ನಡುವೆ, ಒಂದೇ ಕಡೆ ನೋಡುತ್ತಾ ಇದ್ದುಬಿಡುತ್ತಾಳೆ. ಹತ್ತು ಸೆಕೆಂಡು ಅಷ್ಟೆ. ಆಮೇಲೆ ಏನೂ ಆಗದವಳ ಹಾಗೆ ತುತ್ತು ಬಾಯಿಗಿಡುತ್ತಾಳೆ. "ಗಮನ ಇಲ್ಲ" ಎಂದು ಟೀಚರ್ ಡೈರಿಯಲ್ಲಿ ಬರೆದಿದ್ದರು. ನಾನೂ ಬೈದಿದ್ದೆ. ಈಗ ನೆನೆದರೆ ಕರುಳು ಚುರ್ ಎನ್ನುತ್ತದೆ.

ಕಳೆದ ವಾರ ಇಇಜಿ ಮಾಡಿಸಿದೆವು, ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ. ಕೈಗೆ ಕಾಗದದ ಗಾಳಿಚಕ್ರ ಕೊಟ್ಟು ಮೂರು ನಿಮಿಷ ಊದು ಅಂದರು. ಎರಡನೇ ನಿಮಿಷದಲ್ಲಿ ಊದುವುದು ನಿಂತಿತು, ಚಕ್ರ ನಿಂತಿತು. ಅಲ್ಲಿಯವರೆಗೆ ಸ್ಕ್ರೀನಿನ ಗೆರೆಗಳು ಒಂದೊಂದೂ ತನ್ನ ಪಾಡಿಗೆ ಓಡುತ್ತಿದ್ದವು. ತಟ್ಟನೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ನೋಡಲು ಎಷ್ಟು ಅಂದವಾಗಿತ್ತು ಗೊತ್ತಾ? ಮಿದುಳಿನ ಕೋಶಗಳು ಒಟ್ಟಾಗಿ ಕೆಲಸ ಮಾಡಿದರೆ ಒಳ್ಳೆಯದೇ ಅಲ್ವಾ? ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಹೊರಗೆ ಜನ ಕಾಯುತ್ತಿದ್ದರು, ಇದನ್ನೆಲ್ಲ ಕೇಳಲು ಆಗಲಿಲ್ಲ.

ಪರೇಲ್ ಹಳಬ

ತಂಗಿ, ನಾನು ಕುಂದಾಪುರದ ಕಡೆಯವನು. ಮುಂಬಯಿಯ ಪರೇಲಿನ ಒಂದು ಆಸ್ಪತ್ರೆಯಲ್ಲಿ 27 ವರ್ಷ ಇಇಜಿ ತೆಗೆದಿದ್ದೇನೆ. ಈಗ ರಿಟೈರ್ ಆಗಿ ಮುಲುಂಡಿನಲ್ಲಿದ್ದೇನೆ. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನ್ನ ಕೋಣೆಗೆ ಇಂಥ ಮಕ್ಕಳನ್ನು ಕರೆತಂದ ತಾಯಂದಿರು ಹೆಚ್ಚಿನವರೂ ಬೈದು ಬಂದವರೇ. ಇದೂ ಒಂದು ಬಗೆಯ ಫಿಟ್ಸ್, ಆದರೆ ಹಗಲುಗನಸಿನ ಹಾಗೇ ಕಾಣುತ್ತದೆ ಅದು.

ನೆತ್ತಿಗೆ ಅಂಟಿಸಿದ ತಂತಿಗೆ ಒಂದು ಕೋಶದ ಮಾತು ಕೇಳಿಸುವುದಿಲ್ಲ. ಅದರ ಕೆಳಗಿನ ಲಕ್ಷಾಂತರ ಕೋಶಗಳ ಏರಿಳಿತ ಒಂದೇ ಹೊತ್ತಿಗೆ ಕೂಡಿಬಂದರೆ ಕೆಲವು ಮೈಕ್ರೋವೋಲ್ಟ್ (ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗ) ಸಿಗುತ್ತದೆ. ಹಾಗಾಗಿ ಅಲೆ ದೊಡ್ಡದಾದರೆ ಜಾಸ್ತಿ ಕೋಶಗಳು ಜತೆಗೂಡಿವೆ ಎಂದು ಅರ್ಥ. ಜಾಸ್ತಿ ಕೆಲಸ ನಡೆದಿದೆ ಎಂದಲ್ಲ. 1924ರಲ್ಲಿ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮೊದಲ ಬಾರಿ ಮನುಷ್ಯನ ಇಇಜಿ ತೆಗೆದರು. ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು 10 ಅಲೆ. ಕಣ್ಣು ತೆರೆದರೆ ಅದು ಅಡಗುತ್ತದೆ. ದಿನಾ ನೋಡಿದರೂ ನನಗೆ ಬೇಸರ ಬರಲಿಲ್ಲ. ನೋಡುವ ಕೆಲಸ ಶುರುವಾಯಿತೋ, ಗುಂಪು ಚದುರಿ ತಮ್ಮ ತಮ್ಮ ಕೆಲಸಕ್ಕೆ ಹೊರಟಿತು.

ಹಾಗಂತ ತಾಳ ಬೇಡವೆಂದಲ್ಲ. 1989ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಚಾರ್ಲ್ಸ್ ಗ್ರೇ, ವೋಲ್ಫ್ ಸಿಂಗರ್ ಮತ್ತು ಜತೆಗಾರರು ಬೆಕ್ಕಿನ ಮಿದುಳಿನಲ್ಲಿ ನೋಡಿದರು. ಒಂದೇ ಉದ್ದ ಪಟ್ಟಿ ಕಣ್ಣೆದುರು ಸರಿದರೆ, ದೂರ ದೂರದ ಎರಡು ಕೋಶಗುಂಪುಗಳು ಸೆಕೆಂಡಿಗೆ ಸುಮಾರು 40ರಂತೆ ಒಟ್ಟಿಗೆ ಮಿಡಿದವು. ಎರಡು ತುಂಡು ಪಟ್ಟಿಗಳನ್ನು ಎದುರು ಬದುರು ದಿಕ್ಕಿಗೆ ಸರಿಸಿದಾಗ ಆ ಜತೆ ಉಳಿಯಲಿಲ್ಲ. ಬೇಕಾದಾಗ ಸೇರುವುದು, ಬೇಡವಾದಾಗ ಬಿಡುವುದು. ಎರಡೂ ಬೇಕು.

ನಿಮ್ಮ ಮಗುವಿನಲ್ಲಿ ತಪ್ಪಿದ್ದು ಈ ಬಿಡುವ ಕೆಲಸ. ಮಿದುಳಿನ ನಡುವಿನಲ್ಲಿರುವ ಥಾಲಮಸ್ ಮತ್ತು ಮೇಲಿನ ಹೊರಪದರ ಒಂದನ್ನೊಂದು ಎಬ್ಬಿಸುತ್ತಾ ಸೆಕೆಂಡಿಗೆ 3 ಸಲ ತಿರುಗುವ ಒಂದು ಸುತ್ತಿನಲ್ಲಿ ಸಿಕ್ಕಿಬೀಳುತ್ತವೆ. ಇದರಲ್ಲಿ ತಡೆಯುವ ಕೋಶಗಳ ಪಾತ್ರ ದೊಡ್ಡದು. ಅವು ಸುತ್ತಲಿನ ನೂರಾರು ಕೋಶಗಳನ್ನು ಒಂದೇ ಸಲ ಸುಮ್ಮನಾಗಿಸುತ್ತವೆ. ತಡೆ ಸಡಿಲಿದೊಡನೆ ಅವೆಲ್ಲ ಒಂದೇ ಸಲ ಎದ್ದು ಮಿಡಿಯುತ್ತವೆ, ಮತ್ತೆ ತಡೆ ಬೀಳುತ್ತದೆ. ನೀವು ಕಂಡ ಚೂಪು ತುದಿ, ಹಿಂದೆಯೇ ಬಂದ ಗುಂಡನೆ ಅಲೆ, ಇದೇ. ಆ ಹತ್ತು ಸೆಕೆಂಡಿನಲ್ಲಿ ಅವಳ ಹೆಸರು ಕರೆದರೂ ಆ ಕೋಶಗಳಿಗೆ ಕೇಳಲು ಪುರುಸೊತ್ತಿಲ್ಲ. ಜೋರಾಗಿ ಊದಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಆಗ ಇದು ಸುಲಭವಾಗಿ ಶುರುವಾಗುತ್ತದೆ. ಚಕ್ರ ಕೊಟ್ಟದ್ದು ಅದಕ್ಕೇ.

ಪುಣೆ ಢೋಲ್

ಅಕ್ಕಾ, ನಾನು ಇಲ್ಲಿ ಢೋಲ್-ತಾಶಾ ಪಥಕದಲ್ಲಿ, ಅಂದರೆ ದೊಡ್ಡ ಢೋಲು, ಸಣ್ಣ ತಾಶಾಗಳ ಮೆರವಣಿಗೆ ತಂಡದಲ್ಲಿ, ಢೋಲ್ ಬಾರಿಸುತ್ತೇನೆ. ಗಣಪತಿ ವಿಸರ್ಜನೆ ದಿನ ಲಕ್ಷ್ಮೀ ರಸ್ತೆಯಲ್ಲಿ ಪಕ್ಕದ ಪಥಕ ಹತ್ತಿರ ಬಂದರೆ ನಮ್ಮ ಕೈ ತಾನಾಗಿಯೇ ಅವರ ತಾಳಕ್ಕೆ ಎಳೆಯುತ್ತದೆ. ಹಳಬರೇ, ಮಿದುಳಿನಲ್ಲೂ ಹೀಗೆ ಹರಡುತ್ತದಾ?

ಪರೇಲ್ ಹಳಬ

ಹರಡುತ್ತದೆ ತಮ್ಮ. ಕೆಲವು ಬಗೆಯ ಫಿಟ್ಸ್ ಒಂದು ಮೂಲೆಯಲ್ಲಿ ಹುಟ್ಟಿ ಪಕ್ಕದವರನ್ನು ಎಳೆದುಕೊಳ್ಳುತ್ತಾ ಹೋಗುತ್ತವೆ. ಈ ಮಗುವಿನದು ಬೇರೆ, ಎರಡೂ ಬದಿಯಲ್ಲಿ ಒಟ್ಟೊಟ್ಟಿಗೆ ಕಾಣಿಸುತ್ತದೆ. ನಿಮ್ಮ ಪಥಕದಲ್ಲಿ ತಾಶಾದವನು ತಾಳ ಬದಲಿಸಿದರೆ ನೀವು ಬದಲಿಸುತ್ತೀರಿ. ಇಲ್ಲಿ ಬದಲಿಸುವವನೂ ಅದೇ ತಾಳದಲ್ಲಿ ಸಿಕ್ಕಿಬಿದ್ದಿರುತ್ತಾನೆ.

ತಂಗಿ, ಮಾತ್ರೆ ಯಾವುದು? ಒಂದು ಹೊತ್ತೂ ತಪ್ಪಿಸಬೇಡಿ. ಡಾಕ್ಟರಿಗೆ ಕೇಳದೆ ನಿಲ್ಲಿಸಲೂ ಬೇಡಿ. ಕೊಳದಲ್ಲಿ, ಬಾತ್‌ಟಬ್ಬಿನಲ್ಲಿ ಒಬ್ಬಳನ್ನೇ ಬಿಡಬೇಡಿ. ಅನೇಕ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇದು ನಿಂತುಹೋಗುತ್ತದೆ, ನಾನೇ ಕಂಡಿದ್ದೇನೆ.

ಡೊಂಬಿವಲಿ ಅಮ್ಮ

ಎಥೋಸಕ್ಸಿಮೈಡ್ ಎಂದು ಬರೆದಿದೆ ಅಣ್ಣಾ.

ಪರೇಲ್ ಹಳಬ

ಒಳ್ಳೆಯದು. ಥಾಲಮಸ್ ಕೋಶಗಳಲ್ಲಿ ಕ್ಯಾಲ್ಸಿಯಂ ಒಳನುಗ್ಗುವ ಒಂದು ಬಗೆಯ ಸಣ್ಣ ಬಾಗಿಲುಗಳಿವೆ. ಆ ಸುತ್ತು ಓಡುವುದಕ್ಕೆ ಅವು ಬೇಕು. ಈ ಔಷಧಿ ಅವನ್ನು ಬಿಗಿ ಮಾಡುತ್ತದೆ.

ಡೊಂಬಿವಲಿ ಅಮ್ಮ

ನಿನ್ನೆ ರಾತ್ರಿ ಇದನ್ನೆಲ್ಲ ಅವಳ ಅಪ್ಪನಿಗೆ ಓದಿ ಹೇಳಿದೆ. ಇವತ್ತು ಟೀಚರಿಗೆ ಡೈರಿಯಲ್ಲಿ ಬರೆದು ಕಳಿಸಿದೆ: ಅವಳು ಹಾಗೆ ನಿಂತರೆ ಬೈಯಬೇಡಿ, ಎಚ್ಚರವಾದ ಮೇಲೆ ತಪ್ಪಿಹೋದ ಸಾಲನ್ನು ಇನ್ನೊಮ್ಮೆ ಓದಿ ಹೇಳಿ.